ಸ್ಥಾಯಿ ಯಾವುದು, ಸಂಚಾರಿ ಯಾವುದು? ರಂಗದ ಕುಡುಕನನ್ನು ಕುರಿತು ಒಂದು ವಿಚಾರ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ ಜಾತ್ರೆಯೆಂದರೆ ನಾಟಕ. ನಾಟಕವೆಂದರೆ ಅದರಲ್ಲಿ ಬಹುಮಟ್ಟಿಗೆ ಒಬ್ಬ ಕುಡುಕನು ಇರಲೇಬೇಕು. ಆ ಪಾತ್ರವು ರಂಗಕ್ಕೆ ಬರುವ ಬಗೆಗಳು ಎರಡೇ. ಒಂದು, ಧೋತರದ ಚುಂಗನ್ನು ನೆಲಕ್ಕೆಳೆಯುತ್ತ ತೂರಾಡಿ ಬಂದು, ಪೇಟಿ ಮಾಸ್ತರನೊಡನೆ ಚೇಷ್ಟೆ ಮಾಡಿ, ಸಭೆಯನ್ನು ನಗಿಸಿ ಹೋಗುವುದು. ಇನ್ನೊಂದು, ಹೆಂಡತಿಯ ಕೊರಳ ತಾಳಿಯನ್ನು ಮಾರಿ, ಕೂಸಿನ ಹಾಲಿನ ದುಡ್ಡನ್ನು ಕಸಿದು, ಕಡೆಯ ಅಂಕದಲ್ಲಿ ಸಾಯುವುದು ಇಲ್ಲವೆ ಪಶ್ಚಾತ್ತಾಪದಿಂದ ಅಳುವುದು. ನಗಿಸುವವನು ವಿದೂಷಕ, ಅಳಿಸುವವನು ಪಾಪಿ. ಈ ಇಬ್ಬರಿಗೂ ಸೇರದ ಮೂರನೆಯವನೊಬ್ಬನು ಉಂಟೆಂಬುದು ನಾಟಕಕಾರರ ಲಕ್ಷ್ಯಕ್ಕೆ ಬಂದಂತೆ ಕಾಣುವುದಿಲ್ಲ.

ಆ ಮೂರನೆಯವನು ಎಂಥವನೆಂಬುದನ್ನು ತಿಳಿಯಲು ಮಗ್ಗದ ಓಣಿಯ ಒಬ್ಬ ತರುಣನನ್ನು ಊಹಿಸಿಕೊಳ್ಳಬಹುದು. ಆತನು ಮೊದಲಿಗೆ ಮಿತಭಾಷಿ, ಕೆಲಸದವನು. ಒಂದು ವರ್ಷ, ಯಾವ ಕಾರಣವೂ ಕಾಣದೆ, ಅವನ ನಿದ್ದೆಯು ಎರಡು ತಾಸಿಗೆ ಇಳಿಯುತ್ತದೆ. ದಣಿವೆಂಬುದು ಮಾತ್ರ ಇಲ್ಲ. ಹಗಲಿರುಳು ನೇಯುತ್ತಾನೆ, ಹಾಡುತ್ತಾನೆ, ಹತ್ತು ಮಗ್ಗ ಹಾಕುವೆನೆಂದು ಸಾಲ ತರುತ್ತಾನೆ, ಕಂಡವರಿಗೆಲ್ಲ ಸೀರೆ ಹಂಚುತ್ತಾನೆ. ಓಣಿಯವರು ಮೊದಮೊದಲು ಮೆಚ್ಚುತ್ತಾರೆ. ಹಿಂದೆಂದೂ ಮುಟ್ಟದಿದ್ದ ಸೆರೆಯನ್ನು ಈಗ ಮುಟ್ಟುತ್ತಾನೆ. ಹಿರಿಯರ ಮೇಲೆ ಕೈಯೆತ್ತುತ್ತಾನೆ. ಎರಡು ತಿಂಗಳಿಗೆ ಆ ಉಬ್ಬರವು ಇಳಿಯುತ್ತದೆ. ಆಮೇಲೆ ಅದೇ ತರುಣನು ಗೋಡೆಗೆ ಮುಖಮಾಡಿ ಮಲಗಿದರೆ ಏಳುವುದಿಲ್ಲ. ಊಟ ಸೇರದು, ಮಾತು ಬೇಡ. ಆಗಲೂ ಕುಡಿಯುತ್ತಾನೆ, ಆದರೆ ಈಗಿನ ಕುಡಿತವು ಉತ್ಸಾಹದ್ದಲ್ಲ, ಮರೆವಿಗಾಗಿ. ವೈದ್ಯರು ಬೈಪೋಲಾರ್ ಎಂದು ಕರೆಯುವ, ಎರಡು ತುದಿಗಳುಳ್ಳ ಮನೋವ್ಯಾಧಿಯ ಸ್ಥೂಲ ರೂಪವಿದು. ಓಣಿಯವರು ಇದಕ್ಕೆ ಕೊಡುವ ಹೆಸರು ಬೇರೆ: ಗುಣ ಕೆಟ್ಟಿತು, ಸೆರೆ ಹಾಳುಮಾಡಿತು ಎನ್ನುತ್ತಾರೆ.

ಈ ಗುಣವೆಂಬ ಮಾತಿನಲ್ಲಿಯೇ ಒಂದು ಸ್ವಾರಸ್ಯವುಂಟು. ಇತ್ತ ಕಡೆಯ ಆಡುಮಾತಿನಲ್ಲಿ ಜಡ್ಡು ವಾಸಿಯಾದುದಕ್ಕೂ ಗುಣವಾಯಿತೆಂದೇ ಹೇಳುವುದು. ಸ್ವಭಾವಕ್ಕೂ ಆರೋಗ್ಯಕ್ಕೂ ಒಂದೇ ಶಬ್ದ! ಹೀಗಿರುವಲ್ಲಿ ಗುಣ ಕೆಟ್ಟವನಿಗೆ ಗುಣವಾಗಬಹುದೆಂಬ ಅರ್ಥವು ಭಾಷೆಯಲ್ಲಿಯೇ ಅಡಗಿದ್ದೀತು. ಆದರೆ ಆಡುವವರು ಆ ಅರ್ಥದಲ್ಲಿ ಆಡುವುದಿಲ್ಲ. ಗುಣ ಕೆಟ್ಟಿತೆಂದರೆ ಇನ್ನು ಆಸೆಯಿಲ್ಲವೆಂದೇ ಅವರ ಅಭಿಪ್ರಾಯ. ಜಡ್ಡಿಗೆ ಮದ್ದುಂಟು, ಗುಣಕ್ಕೆ ಮದ್ದಿಲ್ಲವೆಂದು ಕೈಬಿಡುತ್ತಾರೆ. ರಂಗಭೂಮಿಯು ಈ ತೀರ್ಪಿಗೆ ತಾಳಮೇಳಗಳನ್ನು ಕೂಡಿಸಿ ಅದನ್ನು ಜನರ ಬಾಯಲ್ಲಿ ಇನ್ನಷ್ಟು ಗಟ್ಟಿಮಾಡಿದೆ. ಆದಕಾರಣ ಇದು ವೈದ್ಯರಿಗೆ ಮಾತ್ರ ಬಿಡತಕ್ಕ ಸಂಗತಿಯಲ್ಲ; ಸಾಹಿತ್ಯ ವಿಮರ್ಶೆಯು ವಿಚಾರಿಸಬೇಕಾದ ಸಂಗತಿ.

ನಾಟ್ಯಶಾಸ್ತ್ರವನ್ನು ಓದಿದವರಿಗೆ ಇಲ್ಲಿ ಒಂದು ವಿಷಯ ನೆನಪಾಗದೆ ಇರದು. ಭರತಮುನಿಯು ಮೂವತ್ತಮೂರು ವ್ಯಭಿಚಾರಿಭಾವಗಳನ್ನು ಎಣಿಸುವಲ್ಲಿ ಮದವನ್ನು ಬೇರೆ, ಉನ್ಮಾದವನ್ನು ಬೇರೆ ಎಣಿಸಿದ್ದಾನೆ. ಹರ್ಷ, ಆವೇಗ, ಚಪಲತೆ, ಗರ್ವಗಳು ಒಂದು ಕಡೆ. ವಿಷಾದ, ಜಡತೆ, ಗ್ಲಾನಿ, ನಿರ್ವೇದಗಳು ಇನ್ನೊಂದು ಕಡೆ. ಇವು ಯಾವುವೂ ನಿಲ್ಲುವವಲ್ಲ, ಬಂದು ಹೋಗುವವು. ಆದುದರಿಂದಲೇ ಅವಕ್ಕೆ ಸಂಚಾರಿಗಳೆಂಬ ಇನ್ನೊಂದು ಹೆಸರು. ನಿಲ್ಲುವುದು ಸ್ಥಾಯಿ. ಮದವನ್ನು ಹೇಳುವಾಗ ಭರತನು ಇನ್ನೊಂದು ಸೂಕ್ಷ್ಮವನ್ನು ಸೇರಿಸುತ್ತಾನೆ: ಕುಡಿದವರೆಲ್ಲರೂ ಒಂದೇ ಬಗೆಯಾಗಿ ವರ್ತಿಸುವುದಿಲ್ಲ. ಉತ್ತಮ ಪ್ರಕೃತಿಯವನು ಮಲಗುತ್ತಾನೆ, ಮಧ್ಯಮನು ನಗುತ್ತಾನೆ, ಹಾಡುತ್ತಾನೆ, ಅಧಮನು ಅಳುತ್ತಾನೆ, ಕಠೋರವಾಗಿ ಮಾತನಾಡುತ್ತಾನೆ. ಮದ್ಯವು ಒಂದೇ, ಮನುಷ್ಯರು ಬೇರೆ ಬೇರೆ. ಉತ್ತಮ-ಅಧಮರೆಂಬ ಈ ವಿಭಾಗವನ್ನು ಇಂದಿನವರು ಒಪ್ಪದಿರಬಹುದು. ಒಪ್ಪಬೇಕಾಗಿಯೂ ಇಲ್ಲ, ಶೀಲವು ಕುಲವನ್ನಾಗಲಿ ಪದವಿಯನ್ನಾಗಲಿ ಕೇಳಿ ಬರುವುದಿಲ್ಲ. ಆದರೆ ಕುಡಿದವನ ಚೇಷ್ಟೆಯಲ್ಲಿ ಮದ್ಯದ ಪಾಲೆಷ್ಟು, ಪ್ರಕೃತಿಯ ಪಾಲೆಷ್ಟು ಎಂಬ ಪ್ರಶ್ನೆಯನ್ನು ನಟನ ಮುಂದೆ ಇಟ್ಟ ಆ ಬುದ್ಧಿಯು ಹಳತಾಗಿಲ್ಲ.

ಇಂದಿನ ನಾಟಕಗಳ ಮುಖ್ಯ ದೋಷವನ್ನು ಈ ಪರಿಭಾಷೆಯಲ್ಲಿ ಹೇಳುವುದಾದರೆ, ಅವು ಸಂಚಾರಿಯನ್ನು ಸ್ಥಾಯಿಯ ಪೀಠದಲ್ಲಿ ಕುಳ್ಳಿರಿಸಿವೆ. ಮದವೇ ಆ ಮನುಷ್ಯನಾಗಿಬಿಟ್ಟಿದೆ. ಅವನು ಕುಡಿಯುವುದಕ್ಕೆ ಮುಂಚೆ ಯಾರಾಗಿದ್ದನು, ಕುಡಿಯದಿದ್ದಾಗ ಏನಾಗಿರುತ್ತಾನೆ ಎಂಬುದು ರಂಗದ ಮೇಲೆ ಬರುವುದೇ ಇಲ್ಲ. ಮನೆಯವರೂ ಹೀಗೆಯೇ ಮಾಡುತ್ತಾರೆ. ಉಬ್ಬರದಲ್ಲಿ ಅವನು ಆಡಿದ ಬೈಗಳನ್ನು ಅವನ ನಿಜವಾದ ಮನಸ್ಸೆಂದೂ, ಕುಸಿತದಲ್ಲಿ ಹಾಸಿಗೆ ಹಿಡಿದುದನ್ನು ಸೋಮಾರಿತನವೆಂದೂ ಲೆಕ್ಕಹಾಕುತ್ತಾರೆ.

ಆಯುರ್ವೇದದ ಆಕರಗಳನ್ನು ನೋಡಿದರೆ ಈ ವಿವೇಕವು ಇನ್ನೂ ಸ್ಪಷ್ಟವಾಗುತ್ತದೆ. ಚರಕಸಂಹಿತೆಯಲ್ಲಿ ಮೂರು ವಿಷಯಗಳಿಗೆ ಮೂರು ಸ್ಥಳಗಳು. ಶಾರೀರಸ್ಥಾನದ ನಾಲ್ಕನೆಯ ಅಧ್ಯಾಯದಲ್ಲಿ ಮನಸ್ಸಿನ ಪ್ರಕೃತಿಗಳನ್ನು ಹದಿನಾರು ಬಗೆಯಾಗಿ ಹೇಳಿದೆ: ಸಾತ್ತ್ವಿಕ ಏಳು, ರಾಜಸ ಆರು, ತಾಮಸ ಮೂರು. ಉನ್ಮಾದಕ್ಕೆ ನಿದಾನಸ್ಥಾನದಲ್ಲಿ ಒಂದು, ಚಿಕಿತ್ಸಾಸ್ಥಾನದಲ್ಲಿ ಒಂದು, ಹೀಗೆ ಬೇರೆಯೇ ಅಧ್ಯಾಯಗಳು. ಕುಡಿತದಿಂದ ಹುಟ್ಟುವ ರೋಗಗಳಿಗೆ, ಎಂದರೆ ಮದಾತ್ಯಯಕ್ಕೆ, ಚಿಕಿತ್ಸಾಸ್ಥಾನದ ಇಪ್ಪತ್ತನಾಲ್ಕನೆಯ ಅಧ್ಯಾಯ. ಮದಾತ್ಯಯದ ಅಧ್ಯಾಯವು ಮದ್ಯವನ್ನು ಮನುಷ್ಯನ ಪ್ರಕೃತಿಯನ್ನು ತೋರಿಸಿಕೊಡುವ ಅಗ್ನಿಗೆ ಹೋಲಿಸುತ್ತದೆ. ಚಿನ್ನದ ಮೇಲುಕೀಳನ್ನು ಬೆಂಕಿಯು ಹೊರಗೆಡಹುವ ಹಾಗೆ. ಇದನ್ನೇ ಹಿಡಿದುಕೊಂಡು, ಕುಡಿದಾಗ ಆಡಿದುದೇ ಮನುಷ್ಯನ ನಿಜವೆಂದು ವಾದಿಸುವವರು ಬಹಳ ಮಂದಿ. ಅವರು ಉನ್ಮಾದದ ಲಕ್ಷಣವನ್ನೂ ಓದಬೇಕು. ಅಲ್ಲಿ ಉನ್ಮಾದವೆಂದರೆ ಎಂಟು ವಿಷಯಗಳ ವಿಭ್ರಮವೆಂದು ಹೇಳಿದೆ: ಮನಸ್ಸು, ಬುದ್ಧಿ, ಸಂಜ್ಞಾಜ್ಞಾನ, ಸ್ಮೃತಿ, ಭಕ್ತಿ, ಶೀಲ, ಚೇಷ್ಟೆ, ಆಚಾರ. ಶೀಲವೂ ಆಚಾರವೂ ಆ ಪಟ್ಟಿಯೊಳಗೇ ಇರುವುದನ್ನು ವಾಚಕರು ಗಮನಿಸಬೇಕು. ಶೀಲವು ತಿರುಗಿಬೀಳುವುದೇ ರೋಗದ ಒಂದು ಲಕ್ಷಣವೆಂದಮೇಲೆ, ರೋಗಕಾಲದ ಶೀಲವನ್ನು ಅವನ ಸ್ವಭಾವಕ್ಕೆ ಸಾಕ್ಷಿಯಾಗಿ ಕರೆಯುವುದು ಯಾವ ನ್ಯಾಯ?

ಇಷ್ಟಾದರೂ ಪ್ರಾಚೀನರು ಎಲ್ಲವನ್ನೂ ಕಂಡಿದ್ದರೆಂದು ಹೆಮ್ಮೆಪಟ್ಟುಕೊಳ್ಳುವುದು ಸಲ್ಲದು. ಸಂಸ್ಕೃತ ಓದಿದವರಿಗೆ ಆ ಚಾಪಲ್ಯವು ಬಹು ಬೇಗ ಹತ್ತುತ್ತದೆ. ಅಕಾಲದಲ್ಲಿ ನಗುವ, ಹಾಡುವ, ಕುಣಿಯುವ ಉನ್ಮಾದಿಯನ್ನೂ, ಮೌನವಾಗಿ ಏಕಾಂತದಲ್ಲಿ ಅನ್ನ ಬೇಡವೆಂದು ಕುಳಿತ ಉನ್ಮಾದಿಯನ್ನೂ ಚರಕನು ವಾತ-ಕಫಗಳ ಬೇರೆ ಬೇರೆ ಭೇದಗಳೆಂದು ವರ್ಣಿಸಿದ್ದಾನೆ. ಇವೆರಡೂ ಒಬ್ಬನಲ್ಲಿಯೇ ಸರದಿಯಂತೆ ಬರುವ ಒಂದೇ ವ್ಯಾಧಿಯೆಂಬುದನ್ನು ಪ್ಯಾರಿಸ್ ನಗರದ ಫಾಲ್ರೆ, ಬಾಯಾರ್ಜೆ ಎಂಬಿಬ್ಬರು ವೈದ್ಯರು 1854ರಲ್ಲಿ ಸ್ಪಷ್ಟವಾಗಿ ನಿರೂಪಿಸಿದರು. ಆ ಕೀರ್ತಿಗಾಗಿ ಅವರಿಬ್ಬರೂ ಜಗಳವಾಡಿದುದೂ ಉಂಟು. ಜರ್ಮನಿಯ ಕ್ರೇಪೆಲಿನ್ ಪಂಡಿತನು 1899ರಲ್ಲಿ ಇದಕ್ಕೆ ದೊಡ್ಡ ಚೌಕಟ್ಟನ್ನು ಕಟ್ಟಿದನು. 1949ರಲ್ಲಿ ಆಸ್ಟ್ರೇಲಿಯದ ಜಾನ್ ಕೇಡ್ ಎಂಬ ವೈದ್ಯನು ಲಿಥಿಯಮ್ ಎಂಬ ಲವಣದಿಂದ ಉಬ್ಬರವು ಶಮನವಾಗುವುದನ್ನು ಪ್ರಕಟಿಸಿದನು. ಇಂದಿಗೂ ಅದು ಈ ರೋಗದ ಮುಖ್ಯ ಔಷಧಗಳಲ್ಲೊಂದು. ರಕ್ತದಲ್ಲಿ ಅದರ ಪ್ರಮಾಣವನ್ನು ಆಗಾಗ ಪರೀಕ್ಷಿಸುತ್ತ ಕೊಡತಕ್ಕದ್ದು. ಕನ್ನಡದಲ್ಲಿ ಮನಸ್ಸಿನ ವ್ಯಾಪಾರಗಳನ್ನು ಸಾಮಾನ್ಯ ವಾಚಕರಿಗೆ ತಿಳಿಯುವಂತೆ ಬರೆದವರಲ್ಲಿ 'ಕೊರವಂಜಿ'ಯ ರಾಶಿಯವರು, ಎಂದರೆ ಡಾಕ್ಟರ್ ಎಂ. ಶಿವರಾಮರು, ಮುಖ್ಯರು; ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ಬಂತು. ಆದರೂ ನಾಟಕಕಾರರು ಆ ಕಡೆ ಹೊರಳಲಿಲ್ಲ.

ಇನ್ನು ಮದ್ಯದ ಮಾತು. ಈ ವ್ಯಾಧಿಯುಳ್ಳವರಲ್ಲಿ ಮದ್ಯ, ಗಾಂಜಾ ಮುಂತಾದವುಗಳ ದುರಭ್ಯಾಸವು ಉಳಿದವರಿಗಿಂತ ಬಹಳ ಹೆಚ್ಚು. ಅಮೆರಿಕದ ಐದು ಪ್ರದೇಶಗಳಲ್ಲಿ ನಡೆದು 1990ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆಯಲ್ಲಿ, ಬೈಪೋಲಾರ್ ವ್ಯಾಧಿಯವರ ಪೈಕಿ ನೂರಕ್ಕೆ 56 ಮಂದಿ ಜೀವಮಾನದಲ್ಲಿ ಎಂದಾದರೊಮ್ಮೆ ಇಂಥ ದುರಭ್ಯಾಸಕ್ಕೆ ಸಿಕ್ಕಿದ್ದವರೆಂದು ಕಂಡುಬಂತು. ಅಲ್ಲಿಯ ಲೆಕ್ಕವನ್ನು ಇಲ್ಲಿಗೆ ಹಾಗೆಯೇ ಹೊಂದಿಸಲಾಗದು. ಹೆಂಗಸರು ಕುಡಿಯುವ ಪ್ರಮಾಣವು ಇಲ್ಲಿ ಕಡಿಮೆ, ದುಡ್ಡು ಕಡಿಮೆ, ಮರ್ಯಾದೆಯ ಭಯ ಹೆಚ್ಚು. ಆದರೆ ಎರಡೂ ಒಂದಕ್ಕೊಂದು ಹೆಣೆದುಕೊಳ್ಳುವುದು ಎಲ್ಲೆಡೆ ಕಂಡ ಮಾತು. ಹಾಗೆ ಹೆಣೆದುಕೊಂಡಲ್ಲಿ ಉಬ್ಬರ-ಕುಸಿತಗಳು ಬೇಗ ಬೇಗ ಮರಳುತ್ತವೆ, ಔಷಧವನ್ನು ಬಿಡುವುದು ಹೆಚ್ಚುತ್ತದೆ, ಆತ್ಮಹತ್ಯೆಯ ಅಪಾಯವು ಏರುತ್ತದೆ.

ಇದರಲ್ಲಿ ಸ್ವಭಾವಕ್ಕೆ ಪಾಲಿಲ್ಲವೆ? ಉಂಟು. ಅದನ್ನು ಮುಚ್ಚುವುದು ದಯೆಯಲ್ಲ, ಅಸತ್ಯ. ಈ ವ್ಯಾಧಿಯುಳ್ಳವರಲ್ಲಿ ಯಾರು ಕುಡಿತಕ್ಕೆ ಬೀಳುತ್ತಾರೆಂದು ಪರಿಶೀಲಿಸಿದವರು ಕೆಲವು ಗುಣಗಳನ್ನು ಮತ್ತೆ ಮತ್ತೆ ಕಂಡಿದ್ದಾರೆ: ಹಿಂದುಮುಂದು ನೋಡದೆ ಕೈಹಾಕುವ ದುಡುಕು, ಹೊಸ ಹೊಸ ರುಚಿಗೆ ಹಾತೊರೆಯುವ ಮನಸ್ಸು, ಚಿಕ್ಕದಕ್ಕೂ ನೋಯುವ, ನೊಂದು ಕುದಿಯುವ ಸೂಕ್ಷ್ಮತೆ. ದುಡುಕಂತೂ ರೋಗದ ಅಲೆಯು ಪೂರ್ತಿ ಇಳಿದಿರುವಾಗಲೂ ಒಂದು ಮಟ್ಟಿಗೆ ಉಳಿದಿರುತ್ತದೆ. ಅದು ಸ್ಥಾಯಿಗೆ ಸಮೀಪವಾದದ್ದು. ಆದರೆ ಆ ವಿದ್ವಾಂಸರೇ ಒಂದು ಎಚ್ಚರವನ್ನು ಹೇಳುತ್ತಾರೆ. ಸ್ವಭಾವವನ್ನು ಅಳೆಯಬೇಕಾದರೆ ಉಬ್ಬರದಲ್ಲಾಗಲಿ ಕುಸಿತದಲ್ಲಾಗಲಿ ಅಳೆಯಬಾರದು. ಮನಸ್ಸು ಸಮಸ್ಥಿತಿಗೆ ಬಂದಮೇಲೆ ಅಳೆಯಬೇಕು. ಇಲ್ಲವಾದರೆ ಪ್ರವಾಹದ ದಿನ ಘಟಪ್ರಭೆಯನ್ನು ನೋಡಿ ನದಿಯ ಅಗಲವನ್ನು ಬರೆದಿಟ್ಟ ಹಾಗಾದೀತು. ಭರತನ ಸ್ಥಾಯಿ-ಸಂಚಾರಿ ವಿವೇಕವು ಇದಕ್ಕಿಂತ ದೂರವಿಲ್ಲ.

ಇಷ್ಟು ಪೀಠಿಕೆಯೊಡನೆ ಒಂದು ಪ್ರಸಿದ್ಧ ನಾಟಕವನ್ನು ಪರೀಕ್ಷಿಸಬಹುದು. ಪಟವರ್ಧನರ ಆಳಿಕೆಯಲ್ಲಿದ್ದ ಜಮಖಂಡಿಗೆ ಮರಾಠಿ ನಾಟಕಗಳು ಪರಕೀಯವಾಗಿರಲಿಲ್ಲ. ಅವುಗಳ ಪೈಕಿ ಕುಡಿತದ ವಿಷಯದಲ್ಲಿ ಎಲ್ಲಕ್ಕೂ ಮೇಲಾದ ಹೆಸರು ಪಡೆದದ್ದು ರಾಮ ಗಣೇಶ ಗಡಕರಿಯವರ 'ಏಕಚ ಪ್ಯಾಲಾ', ಎಂದರೆ ಒಂದೇ ಬಟ್ಟಲು. ಗಡಕರಿಯವರು 1919ರ ಜನೇವರಿಯಲ್ಲಿ, ಇನ್ನೂ ಮೂವತ್ತಮೂರರ ಪ್ರಾಯದಲ್ಲಿ, ತೀರಿಕೊಂಡ ಬಳಿಕ ಅದು ರಂಗಕ್ಕೆ ಬಂತು. ಕುಡುಕನ ಹೆಂಡತಿ ಸಿಂಧುವಿನ ಪಾತ್ರವನ್ನು ಬಾಲಗಂಧರ್ವರು ಆಡಿ ಅಜರಾಮರ ಮಾಡಿದರು. ಮುಂದೆ ಆ ಬಾಲಗಂಧರ್ವರ ಮಂಡಳಿಯನ್ನು ಸೇರಿ ಅವರ ಜೊತೆ ರಂಗವನ್ನೇರಿದ ಗೋಹರಬಾಯಿ ಕರ್ನಾಟಕಿಯವರು ಬೀಳಗಿಯವರೆಂಬುದು, ಅಮೀರಬಾಯಿಯವರ ಸೋದರಿಯೆಂಬುದು, ಈ ಸೀಮೆಯವರಿಗೆ ಹೇಳಬೇಕಾದ್ದಿಲ್ಲ.

ಕಥೆಯು ಸರಳವಾದದ್ದು. ಸುಧಾಕರನು ಬುದ್ಧಿವಂತ ವಕೀಲ, ಮಾನಧನ, ಬೇಗ ಕೆರಳುವವನು. ಕೋರ್ಟಿನಲ್ಲಿ ದುಡುಕಿ ನಡೆದುಕೊಂಡುದಕ್ಕಾಗಿ ಅವನ ಸನದನ್ನು ಕೆಲಕಾಲ ತಡೆಹಿಡಿಯುತ್ತಾರೆ. ಆ ಅವಮಾನದ ಗಳಿಗೆಯಲ್ಲಿ ತಳಿರಾಮನೆಂಬವನು ಒಂದೇ ಬಟ್ಟಲೆಂದು ಕೈಗೆ ಕೊಡುತ್ತಾನೆ. ಅಲ್ಲಿಂದ ಮುಂದೆ ಮನೆ, ಮಾನ, ಕೂಸು, ಹೆಂಡತಿ ಎಲ್ಲವೂ ಒಂದೊಂದಾಗಿ ಹೋಗಿ, ಕೊನೆಗೆ ಅವನೂ ವಿಷ ಕುಡಿದು ಹೋಗುತ್ತಾನೆ. ನಡುನಡುವೆ 'ಆರ್ಯ ಮದಿರಾ ಮಂಡಳ'ವೆಂಬ ಕುಡುಕರ ಸಂಘದ ಹಾಸ್ಯಪ್ರವೇಶಗಳು. ಜನರು ಆ ಪ್ರವೇಶಗಳಿಗೆ ಬಿದ್ದು ಬಿದ್ದು ನಕ್ಕು, ಸಿಂಧುವಿನ ಪದಗಳಿಗೆ ಅತ್ತು, ಮನೆಗೆ ಹೋಗುತ್ತಿದ್ದರು.

ಈ ನಾಟಕದ ಮೇಲೆ ಹಳೆಯ ಆಕ್ಷೇಪವೊಂದಿದೆ: ಒಂದು ಬಟ್ಟಲಿನಿಂದ ಅಂಥ ಸುಶಿಕ್ಷಿತನು ಅಷ್ಟು ಬೇಗ ಅಷ್ಟು ಆಳಕ್ಕೆ ಬೀಳುವುದು ಅಸಂಭವವೆಂದು. ಆಕ್ಷೇಪಿಸುವವರು ಮೊದಲನೆಯ ಅಂಕವನ್ನು ಲಕ್ಷ್ಯವಿಟ್ಟು ನೋಡಿಲ್ಲ. ಗಡಕರಿಯವರು ಬಟ್ಟಲಿಗೆ ಮುಂಚೆ ಮನುಷ್ಯನನ್ನು ತೋರಿಸಿದ್ದಾರೆ. ತನ್ನನ್ನು ಯಾರೂ ಮೀರಬಾರದೆಂಬ ಅಭಿಮಾನ, ಒಂದು ಮಾತಿಗೆ ಉರಿದೇಳುವ ಸ್ವಭಾವ, ಪೆಟ್ಟು ಬಿದ್ದರೆ ಬಾಗಲಾರದೆ ಮುರಿಯುವ ಮನಸ್ಸು, ಇವೆಲ್ಲ ತಳಿರಾಮನು ಬರುವುದಕ್ಕಿಂತ ಮುಂಚಿನಿಂದಲೇ ಸುಧಾಕರನಲ್ಲಿವೆ. ಅದೇ ಬಟ್ಟಲನ್ನು ಸ್ನೇಹಿತನಾದ ರಾಮಲಾಲನ ಕೈಗೆ ಕೊಟ್ಟಿದ್ದರೆ ನಾಟಕವೇ ಆಗುತ್ತಿರಲಿಲ್ಲ. ಕುಡಿತವನ್ನು ಬಿಡೆಂದು ರಾಮಲಾಲನು ಬೇಡಿದಾಗ ಸುಧಾಕರನು ಕುಡುಕನ ಅವಸ್ಥೆಗಳನ್ನು ಒಂದೊಂದಾಗಿ ಬಿಡಿಸಿ, ಬಿಡುವ ಗಳಿಗೆಯು ಯಾವ ಅವಸ್ಥೆಯಲ್ಲೂ ಏಕೆ ಸಿಗುವುದಿಲ್ಲವೆಂದು ಹೇಳುವ ಭಾಷಣವಂತೂ ಇಡೀ ಭಾರತೀಯ ರಂಗಭೂಮಿಯಲ್ಲಿ ಅಪರೂಪವಾದದ್ದು. ಅಲ್ಲಿ ಕುಡುಕನು ಪಾಪಿಯೂ ಅಲ್ಲ, ವಿದೂಷಕನೂ ಅಲ್ಲ. ತನ್ನ ಬಂಧನವನ್ನು ತಾನೇ ಸ್ಪಷ್ಟವಾಗಿ ನೋಡುತ್ತಿರುವ ಬಂದಿ.

ಇಷ್ಟನ್ನು ಕಂಡ ಕವಿಯೇ ತನ್ನ ನಾಟಕಕ್ಕೆ ಇಟ್ಟ ಹೆಸರಿನಿಂದ ಅದೆಲ್ಲವನ್ನೂ ಅಳಿಸಿಬಿಟ್ಟನು. ಒಂದೇ ಬಟ್ಟಲು! ದೋಷವೆಲ್ಲ ಬಟ್ಟಲಿನದೆಂದು ಹೆಸರು ಹೇಳುತ್ತದೆ. ಮೊದಲಂಕವು ಹಾಗೆ ಹೇಳುವುದಿಲ್ಲ. ಜನರು ಹೆಸರನ್ನು ನೆನಪಿಟ್ಟುಕೊಂಡರು, ಅಂಕವನ್ನು ಮರೆತರು. ಆಮೇಲೆ ಅದರ ಅನುಕರಣಗಳಾಗಿ ಬಂದ ಪಾನನಿಷೇಧದ ನಾಟಕಗಳು ಹೆಸರನ್ನೇ ಅನುಕರಿಸಿದುವಲ್ಲದೆ ಅಂಕವನ್ನು ಅನುಕರಿಸಲಿಲ್ಲ. ಅವುಗಳಲ್ಲಿ ಮನುಷ್ಯನಿಲ್ಲ, ಬಾಟಲಿಯೊಂದೇ ಪಾತ್ರ.

ಸುಧಾಕರನಿಗೆ ಬೈಪೋಲಾರ್ ವ್ಯಾಧಿಯಿತ್ತೆಂದು ಇಲ್ಲಿ ಹೇಳುತ್ತಿಲ್ಲ. ಕಾವ್ಯದ ಪಾತ್ರಗಳ ನಾಡಿಯನ್ನು ಹಿಡಿದು ರೋಗಕ್ಕೆ ಹೆಸರಿಡುವ ಚಟವು ಈಚೆಗೆ ವಿಮರ್ಶಕರಲ್ಲಿ ಹೆಚ್ಚುತ್ತಿದೆ. ಅದರಿಂದ ವೈದ್ಯಕ್ಕೂ ಲಾಭವಿಲ್ಲ, ಕಾವ್ಯಕ್ಕೂ ಲಾಭವಿಲ್ಲ. ಪಾತ್ರವು ಕವಿಯು ಕೊಟ್ಟಷ್ಟೇ. ಅದರ ಆಚೆ ಪರೀಕ್ಷಿಸಲು ಶರೀರವಿಲ್ಲ. ವಿಮರ್ಶಕನು ಕೇಳತಕ್ಕ ಪ್ರಶ್ನೆಯು ಬೇರೆ: ಈ ಕೃತಿಯನ್ನು ನೋಡಿ ಮನೆಗೆ ಹೋದವನು, ತನ್ನ ಮನೆಯೊಳಗಿನ ಮನುಷ್ಯನನ್ನು ಮುಂಚೆಗಿಂತ ಹೆಚ್ಚು ಸ್ಪಷ್ಟವಾಗಿ ಕಾಣುವನೆ, ಇಲ್ಲವೆ?

ಈ ಪ್ರಶ್ನೆಗೆ 'ಏಕಚ ಪ್ಯಾಲಾ'ದ ಒಂದು ಭಾಗವು ಚೆನ್ನಾಗಿ ಉತ್ತರ ಕೊಡುತ್ತದೆ. ಸುಧಾಕರನು ನಡುವೆ ಒಮ್ಮೆ ಕುಡಿತವನ್ನು ಬಿಟ್ಟು ಕೆಲಸವನ್ನು ಹುಡುಕಿಕೊಂಡು ಹೊರಡುತ್ತಾನೆ. ಅವನಿಗೆ ಸಿಕ್ಕುವುದು ಕೆಲಸವಲ್ಲ, ತಿರಸ್ಕಾರ. ಹಿಂದೆ ಕೈಕಟ್ಟಿ ನಿಲ್ಲುತ್ತಿದ್ದವರ ಕೊಂಕುಮಾತು. ಮರಳಿ ಬಟ್ಟಲಿಗೇ ಬರುತ್ತಾನೆ. ಇಲ್ಲಿ ಲಜ್ಜೆಯು ಮದ್ಯಕ್ಕಿಂತ ಬಲವಾದ ಪಾತ್ರ. ಉಬ್ಬರವು ಇಳಿದ ಬಳಿಕ ಬೈಪೋಲಾರ್ ವ್ಯಾಧಿಯವನಿಗೆ ಒದಗುವ ಪಾಡೂ ಹೆಚ್ಚುಕಡಿಮೆ ಇದೇ. ತಾನು ಮಾಡಿದ ಸಾಲ, ಆಡಿದ ಮಾತು, ಎತ್ತಿದ ಕೈ, ಎಲ್ಲವೂ ಎದುರಿಗೆ ಬಂದು ನಿಲ್ಲುತ್ತವೆ. ಮಾಡಿದವನು ತಾನೇ ಅಹುದು, ಆದರೂ ತಾನಲ್ಲ. ಇದನ್ನು ಯಾರಿಗೂ ತಿಳಿಸಿ ಹೇಳಲು ಮಾತಿಲ್ಲ. ಓಣಿಯವರಿಗೆ ತಿಳಿದಿರುವುದು ಒಂದೇ ಕಾರಣ, ಸೆರೆ. ಅವನೂ ಅದನ್ನೇ ಒಪ್ಪಿಕೊಳ್ಳುತ್ತಾನೆ. ಹುಚ್ಚನೆನ್ನಿಸಿಕೊಳ್ಳುವುದಕ್ಕಿಂತ ಕುಡುಕನೆನ್ನಿಸಿಕೊಳ್ಳುವುದು ಮೇಲೆಂದು. ಸಂಬಂಧ ಬೆಳೆಸುವ ಹೊತ್ತಿಗೆ ಹೆಣ್ಣಿನ ಕಡೆಯವರಿಗೆ ಕುಡಿತದ ಸುದ್ದಿಯನ್ನಾದರೂ ಅರ್ಧ ಬಾಯಿಯಲ್ಲಿ ಹೇಳಿಯಾರು, ಮತ್ತೊಂದನ್ನು ಹೇಳುವವರಿಲ್ಲ.

ಉನ್ಮಾದವಿಳಿದ ಮೇಲಿನ ಈ ಲಜ್ಜೆಯನ್ನು ಪ್ರಪಂಚದ ರಂಗಭೂಮಿಯಲ್ಲಿ ಮೊದಲು ತೋರಿಸಿದವರಲ್ಲಿ ಗ್ರೀಕರ ಸಾಫೋಕ್ಲೀಸನು ಒಬ್ಬ. ಅವನ 'ಅಯಾಸ್' ನಾಟಕದ ವೀರನು ಭ್ರಾಂತಿಯಲ್ಲಿ ದನಗಳ ಮಂದೆಯನ್ನೇ ಶತ್ರುಗಳೆಂದು ಕಡಿದು, ಪ್ರಜ್ಞೆ ಬಂದಮೇಲೆ ತನ್ನ ಕೆಲಸವನ್ನು ಕಂಡು, ಆ ನಾಚಿಕೆಯಿಂದ ಕತ್ತಿಗೆ ಬೀಳುತ್ತಾನೆ. ಬಿ. ಎಂ. ಶ್ರೀಕಂಠಯ್ಯನವರು ಆ ನಾಟಕವನ್ನು ಆಧಾರವಾಗಿಟ್ಟುಕೊಂಡು 'ಅಶ್ವತ್ಥಾಮನ್' ಬರೆದರು. ಅದನ್ನು ಕಾಲೇಜುಗಳಲ್ಲಿ ರುದ್ರನಾಟಕದ ಲಕ್ಷಣಕ್ಕಾಗಿ ಪಾಠ ಹೇಳಿದ್ದುಂಟು; ಮರುದಿನದ ನಾಚಿಕೆಯು ಭ್ರಾಂತಿಗಿಂತ ಹೆಚ್ಚು ಕೊಲ್ಲುತ್ತದೆಂಬ ಅದರ ಒಳಮಾತನ್ನು ಕಂಪನಿ ನಾಟಕಗಳು ಎತ್ತಿಕೊಳ್ಳಲಿಲ್ಲ.

ಮದ್ಯವನ್ನು ನಿಲ್ಲಿಸಿದರೆ ಎಲ್ಲವೂ ಸರಿಹೋಗುವುದೆಂಬ ನಂಬಿಕೆಯ ಪರೀಕ್ಷೆಯು ಈ ಸೀಮೆಯಲ್ಲಿ ನಡೆದುಹೋಗಿದೆ. 1948ರಲ್ಲಿ ಜಮಖಂಡಿ, ಮುಧೋಳ ಸಂಸ್ಥಾನಗಳು ಮುಂಬಯಿ ಪ್ರಾಂತಕ್ಕೆ ಸೇರಿದುವು. 1950ರಲ್ಲಿ ಆ ಪ್ರಾಂತದಲ್ಲಿ ಪೂರ್ಣ ಪಾನನಿಷೇಧವು ಜಾರಿಗೆ ಬಂತು. 1967ರಲ್ಲಿ ಮೈಸೂರು ಸರಕಾರವು ನಿಷೇಧವನ್ನು ತೆಗೆಯಿತು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು, ಬೇರೆ ಮದ್ಯವು ಉಳಿಯಿತು. ನಿಷೇಧದಿಂದ ಬಡವರ ಮನೆಗಳಿಗೆ ಒಳ್ಳೆಯದಾದುದನ್ನು ಅಲ್ಲಗಳೆಯಬೇಕಾದ್ದಿಲ್ಲ. ಆದರೆ ಅಂಗಡಿಯನ್ನು ಮುಚ್ಚಿದ ಮಾತ್ರಕ್ಕೆ ಮನಸ್ಸಿನ ಉಬ್ಬರ-ಇಳಿತಗಳು ನಿಲ್ಲುವುದಿಲ್ಲ. ಪ್ರಭಾಸದಲ್ಲಿ ಯಾದವರು ಕುಡಿದು ಕಾದಾಡಿ ಸತ್ತ ಮೌಸಲಪರ್ವದ ಕಥೆಯನ್ನು ಎಲ್ಲರೂ ಬಲ್ಲರು. ಅಲ್ಲಿ ಜಗಳವು ಎದ್ದದ್ದು ಸಾತ್ಯಕಿ-ಕೃತವರ್ಮರ ಹಳೆಯ ಕುರುಕ್ಷೇತ್ರದ ನೋವಿನಿಂದ. ಮದ್ಯವು ಅದರ ಬಾಯಿಯನ್ನು ಬಿಚ್ಚಿತು. ದ್ವಾರಕೆಯಲ್ಲಿ ಮದ್ಯವನ್ನು ನಿಷೇಧಿಸಿ ಡಂಗುರ ಹೊಡೆಸಿದ್ದರೆಂಬುದೂ ಆ ಪರ್ವದಲ್ಲಿಯೇ ಇದೆ!

ಇಂದಿನ ಸ್ಥಿತಿಯನ್ನು ಎರಡು ಅಂಕೆಗಳಲ್ಲಿ ಹೇಳಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ದೇಶದ 12 ರಾಜ್ಯಗಳಲ್ಲಿ 2015-16ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ, ಬೈಪೋಲಾರ್ ವ್ಯಾಧಿಯುಳ್ಳವರಲ್ಲಿ ನೂರಕ್ಕೆ ಸುಮಾರು 70 ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲ. ಮದ್ಯದ ರೋಗವುಳ್ಳವರಲ್ಲಿ ನೂರಕ್ಕೆ 86 ಮಂದಿಗೆ ದೊರೆತಿರಲಿಲ್ಲ. ಧಾರವಾಡದ ಮಾನಸಿಕ ಆಸ್ಪತ್ರೆಯು ಹತ್ತೊಂಬತ್ತನೆಯ ಶತಮಾನದಿಂದ ಇದೆ. ಜಿಲ್ಲೆಜಿಲ್ಲೆಗೆ ಮನೋವೈದ್ಯರ ಸೇವೆಯನ್ನು ಒಯ್ಯುವ ಪ್ರಯೋಗವು 1985ರಲ್ಲಿ ಇದೇ ನಾಡಿನ ಬಳ್ಳಾರಿಯಲ್ಲಿ ಮೊದಲಾಗಿ, ಮುಂದೆ ದೇಶಕ್ಕೆ ಮಾದರಿಯಾಯಿತು. 2022ರಿಂದ 14416 ಎಂಬ ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡುವ ಅನುಕೂಲವುಂಟು. ಮೊದಲು ಕುಡಿತವನ್ನು ಬಿಟ್ಟು ಬಾ, ಆಮೇಲೆ ಮನಸ್ಸಿನ ಮದ್ದು ಕೊಡುವೆವೆಂದು ತಿರುಗಿ ಕಳುಹಿಸುವ ಹಳೆಯ ಪದ್ಧತಿಯನ್ನು ಬಿಟ್ಟು, ಎರಡಕ್ಕೂ ಕೂಡಿಯೇ ಚಿಕಿತ್ಸೆ ಮಾಡಬೇಕೆಂಬುದು ಈಗಿನ ವೈದ್ಯರ ಮತ. ಬಾಗಿಲುಗಳಿವೆ, ಅಲ್ಲಿಗೆ ಕರೆದೊಯ್ಯಬೇಕಾದವರ ಮನಸ್ಸಿನಲ್ಲಿ ಗುಣ ಕೆಟ್ಟಿತೆಂಬ ತೀರ್ಪು ಅಡ್ಡ ಕುಳಿತಿದೆ. ಮದ್ಯವು ಮೊದಲೋ, ನಿದ್ದೆಗೆಟ್ಟದ್ದು ಮೊದಲೋ ಎಂದು ವೈದ್ಯರು ಕೇಳಿದರೆ ಉತ್ತರ ಹೇಳಬಲ್ಲವರು ಮನೆಯವರೇ. ಅವರಿಗೆ ಆ ಕ್ರಮವನ್ನು ನೋಡುವ ಕಣ್ಣನ್ನು ಕೊಡುವುದು ಕಾವ್ಯನಾಟಕಗಳಿಗೆ ಅಸಾಧ್ಯವಲ್ಲ.

ಅಸಾಧ್ಯವಲ್ಲವೆಂಬುದಕ್ಕೆ ಸಾಕ್ಷಿಯು ಮುಧೋಳದಲ್ಲಿಯೇ ಇದೆ. ಕವಿಚಕ್ರವರ್ತಿ ರನ್ನನು ಹತ್ತನೆಯ ಶತಮಾನದಲ್ಲಿ ಅಲ್ಲಿಯ ಬಳೆಗಾರರ ಮನೆಯಲ್ಲಿ ಹುಟ್ಟಿದವನು. ಅವನ 'ಗದಾಯುದ್ಧ'ದಲ್ಲಿ ಮದ್ಯವಿಲ್ಲ, ವೈದ್ಯನಿಲ್ಲ. ಆದರೆ ಒಬ್ಬ ಮನುಷ್ಯನಲ್ಲಿ ನಿಲ್ಲುವುದೇನು, ಹೋಗುವುದೇನು ಎಂಬುದನ್ನು ಅಷ್ಟು ಸ್ಪಷ್ಟವಾಗಿ ವಿಂಗಡಿಸಿದ ಕಾವ್ಯವು ಕನ್ನಡದಲ್ಲಿ ಮತ್ತೊಂದಿಲ್ಲವೆಂದೇ ಹೇಳಬಹುದು. ದುರ್ಯೋಧನನು ಸಂಜಯನೊಡನೆ ರಣಭೂಮಿಯಲ್ಲಿ ಹೆಣಗಳ ನಡುವೆ ನಡೆಯುತ್ತಾನೆ. ತಮ್ಮನನ್ನು ಕಂಡು ಗೋಳಿಡುತ್ತಾನೆ, ಕರ್ಣನನ್ನು ಕಂಡು ಕುಸಿಯುತ್ತಾನೆ, ಶತ್ರುವಿನ ಮಗನಾದ ಅಭಿಮನ್ಯುವನ್ನು ಕಂಡು ಕೈಮುಗಿಯುವಷ್ಟು ಮೆತ್ತಗಾಗುತ್ತಾನೆ, ಮರುಗಳಿಗೆಗೆ ಕ್ರೋಧದಿಂದ ಉರಿಯುತ್ತಾನೆ. ರಣದ ಮರುಳುಗಳು, ಎಂದರೆ ಪಿಶಾಚಗಳು, ಮರುಳೆಂಬ ಮಾತಿನ ಎರಡರ್ಥವನ್ನು ಅವನ ಮೇಲೆಯೇ ತಿರುಗಿಸಿ ಹಾಸ್ಯಮಾಡುತ್ತವೆ. ಇವೆಲ್ಲ ಸಂಚಾರಿಗಳು, ಅಲೆಯ ಮೇಲೆ ಅಲೆ. ಅವುಗಳ ಅಡಿಯಲ್ಲಿ ಕದಲದೆ ನಿಂತಿರುವುದು ಒಂದೇ, ಅವನ ಛಲ. ರನ್ನನು ಆ ಛಲವನ್ನು ಹೊಗಳಿ ಮುಚ್ಚಲಿಲ್ಲ, ತೆಗಳಿ ಕೈತೊಳೆದುಕೊಳ್ಳಲೂ ಇಲ್ಲ. ಇಷ್ಟು ಗೋಳಾಡಿದವನು ಇನ್ನು ಸಂಧಿಗೆ ಒಪ್ಪಿಯಾನೆಂದು ಓದುವವನಿಗೆ ಆಸೆ ಹುಟ್ಟುತ್ತದೆ, ಅವನು ಒಪ್ಪುವುದಿಲ್ಲ. ಒಪ್ಪಿದ್ದರೆ ಅವನು ದುರ್ಯೋಧನನಾಗುತ್ತಿರಲಿಲ್ಲ.

ಶರಶಯ್ಯೆಯ ಭೀಷ್ಮನ ಬಳಿಗೆ ಅವನು ಬರುವ ಸಂದರ್ಭವನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ಓದಿನೋಡಬೇಕು. ಅಜ್ಜನು ಮೊದಲು ಸಂಧಿಯ ಮಾತನ್ನು ಎತ್ತುತ್ತಾನೆ. ಮೊಮ್ಮಗನು ತಳ್ಳಿಹಾಕುತ್ತಾನೆ. ಆಗ ಭೀಷ್ಮನು ಅವನ ಗುಣ ಕೆಟ್ಟಿತೆಂದು ಮುಖ ತಿರುಗಿಸುವುದಿಲ್ಲ. ಸ್ವಭಾವದೊಡನೆ ವಾದವನ್ನೂ ಬೆಳೆಸುವುದಿಲ್ಲ. ಬೇಡುವುದು ಒಂದು ದಿನದ ಅವಧಿಯನ್ನಷ್ಟೆ: ಇಂದು ಒಂಟಿಯಾಗಿ ಕಾದಬೇಡ, ವೈಶಂಪಾಯನ ಸರೋವರದಲ್ಲಿ ಈ ದಿನವನ್ನು ಕಳೆ, ನಾಳೆ ಬಲರಾಮ, ಕೃಪ, ಅಶ್ವತ್ಥಾಮರು ಜೊತೆಗೂಡುತ್ತಾರೆ. ಛಲಗಾರನಾದ ದುರ್ಯೋಧನನು ಅಜ್ಜನ ಆ ಮಾತನ್ನು ಮಾತ್ರ ನಡೆಸಿಕೊಟ್ಟು ತಣ್ಣೀರಿನೊಳಗೆ ಇಳಿದನು. ಭೀಮನು ದಂಡೆಗೆ ಬಂದು ಕೂಗಿ ಹೀಯಾಳಿಸುವವರೆಗೆ ಅವನು ಅಲ್ಲಿಯೇ ಇದ್ದನು.